ಹೊಲಿಗೆಯಿಲ್ಲದ ಅಸ್ತರ

ಅನಗವಾಡಿಯಲ್ಲಿ ಕೌದಿ ಹೊಲಿಯುವ ಯಲ್ಲಕ್ಕನಿಗೆ ಹೊಲಿಗೆಯ ವಿಷಯದಲ್ಲಿ ಯಾರ ಮಾತೂ ರುಚಿಸುತ್ತಿರಲಿಲ್ಲ. ಬಸ್ಸಿನಲ್ಲಿ ಮುಂದೆ ಕೂತವನ ಕಾಲರು ಡೊಂಕಾಗಿದ್ದರೆ ಮುಧೋಳ ಬರುವ ತನಕ ಅದನ್ನೇ ನೋಡಿ ಸಂಕಟಪಡುವ ಹೆಂಗಸು. ಅಂಥವಳ ಬಲಗಣ್ಣಿಗೆ ಅರವತ್ತೆರಡನೇ ವಯಸ್ಸಿನಲ್ಲಿ ಮಂಜು ಕವಿಯಿತು. ಮೊದಮೊದಲು ಬೆಳಿಗ್ಗೆ ಮುಸುಕಿ ಮಧ್ಯಾಹ್ನಕ್ಕೆ ತಿಳಿಯಾಗುತ್ತಿತ್ತು. ಆಮೇಲೆ ದಿನವಿಡೀ ನಿಂತೇಬಿಟ್ಟಿತು.

ಹಿಪ್ಪರಗಿಯಲ್ಲಿದ್ದ ತಮ್ಮ ಗಿರಮಲ್ಲಪ್ಪ ಬಂದು ಅವಳನ್ನು ಹುಬ್ಬಳ್ಳಿಯ ಕಣ್ಣಾಸ್ಪತ್ರೆಗೆ ಕರೆದೊಯ್ದ. ಹಿಂದೊಮ್ಮೆ ಕಬ್ಬಿನ ಎಲೆ ಬಡಿದು ಅವನ ಕಣ್ಣಿನ ಮೇಲೆ ಬಿಳಿ ಕಲೆ ಕೂತಾಗ, ಅಲ್ಲೇ ದಾನಿಯೊಬ್ಬರ ಕಣ್ಣಿನ ಪದರ ತಂದು ಹಾಕಿದ್ದರು. ಆ ಹದಿನಾರು ಹೊಲಿಗೆಯ ಕಥೆಯನ್ನು ಅವನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ.

ಡಾಕ್ಟರ್ ಪ್ರತಿಮಾ ಮುಧೋಳದವರೇ. ಕಣ್ಣು ನೋಡಿ, "ನಿಮಗೂ ಪದರು ಹಾಕೂಣ್ರಿ, ಆದ್ರ ಹೊಲಿಗಿ ಇಲ್ಲ," ಎಂದರು.

ಯಲ್ಲಕ್ಕನ ಮುಖ ಬಾಡಿತು. "ತಮ್ಮಗ ಹದಿನಾರು, ನನಗ ಒಂದೂ ಇಲ್ಲೇನ್ರಿ?"

"ಅವರದು ಮ್ಯಾಲಿನ ಅರಿವಿ ಕೆಟ್ಟಿತ್ತು, ತ್ಯಾಪಿ ಇಟ್ಟು ಹೊಲದೇವಿ. ನಿಮ್ಮದು ಒಳಗಿನ ಅಸ್ತರ ಕೆಟ್ಟೈತಿ. ಸಣ್ಣ ತೂತಿನಿಂದ ಹೊಸಾ ಅಸ್ತರ ಒಳಗ ಬಿಟ್ಟು, ಗಾಳಿ ಗುಳ್ಳಿಲೆ ಒತ್ತಿ ಹಿಡಿತೇವಿ. ನೀವು ಅಂಗಾತ ಮಲಗಬೇಕು, ಅಷ್ಟ."

"ಗಾಳಿ ಮ್ಯಾಲೆ ಅಸ್ತರ ನಿಂದರತೈತೇನ್ರಿ? ನಲವತ್ತು ವರ್ಷಾತು ನಾ ಹೊಲ್ಯಾಕತ್ತು!"

"ಅಕ್ಕಾ, ನನ್ನ ಹೊಲಿಗಿ ಎಲ್ಲಾ ಬಿಚ್ಚೂದ್ರಾಗ ವರ್ಷ ದಾಟಿತು. ನಿಂದು ಲಗೂ ಆಕ್ಕೈತಿ," ಎಂದು ಗಿರಮಲ್ಲಪ್ಪ ಸಮಾಧಾನ ಮಾಡಿದ. ದನಿಯಲ್ಲಿ ಮಾತ್ರ ಜಂಬ ಇಣುಕುತ್ತಿತ್ತು.

ಶಸ್ತ್ರಚಿಕಿತ್ಸೆ ಸಲೀಸಾಗಿ ಮುಗಿಯಿತು, ಕಷ್ಟವಾದದ್ದು ಮಲಗುವುದು. ಮಾತಾಡಬೇಕಾದವರು ಬಾವಿಗೆ ಇಣುಕುವಂತೆ ಮೇಲಿನಿಂದ ಬಗ್ಗಬೇಕಿತ್ತು. ಸಂಜೆ ಗಿರಮಲ್ಲಪ್ಪ ಚಹಾಕ್ಕೆ ಹೋದ. ಪಕ್ಕದ ಮಂಚದ ಅನಸವ್ವನ ಹೊದಿಕೆಯ ಅಂಚು ಬಿಚ್ಚಿಕೊಂಡಿದ್ದು ಯಲ್ಲಕ್ಕನ ಎಡಗಣ್ಣಿಗೆ ಬಿತ್ತು. ಅವಳು ಎದ್ದಳು. ತಮ್ಮ ಮರಳುವಷ್ಟರಲ್ಲಿ ಸಂಚಿಯ ಸೂಜಿದಾರ ತೆಗೆದು ಬಾಗಿ ಕೂತು, ಅರ್ಧ ಅಂಚು ಮಡಿಚಿ ಹೊಲಿದಿದ್ದಳು.

ಬೆಳಿಗ್ಗೆ ಡಾಕ್ಟರು ಪಟ್ಟಿ ಬಿಚ್ಚಿ ನೋಡಿ, "ಒಂದ್ ಕಡೆ ಅಸ್ತರದ ಅಂಚು ಎದ್ದೈತಿ," ಎಂದರು.

ಯಲ್ಲಕ್ಕನಿಗೆ ಹೆದರಿಕೆಗಿಂತ ಮೊದಲು ಸಂತೋಷವಾಯಿತು. "ನಾ ಹೇಳಿದ್ದಿಲ್ಲೇನ್ರಿ, ಒಂದ್ ಟಾಕಾ ಹಾಕ್ರಿ ಅಂತ?"

ಮತ್ತೆ ಗಾಳಿ ತುಂಬಿದರು. ಈ ಸಲ ಗಿರಮಲ್ಲಪ್ಪ ಸ್ಟೂಲು ಎಳೆದುಕೊಂಡು ಹಟ್ಟಿಯ ಬಾಗಿಲು ಕಾಯುವ ಹಾಗೆ ಕೂತ. ಅವಳು ಕತ್ತು ಹೊರಳಿಸಿದರೆ ಸಾಕು, "ಅಕ್ಕಾ!" ಎಂದು ಗದರುತ್ತಿದ್ದ. ಅಸ್ತರ ಕಚ್ಚಿಕೊಂಡಿತು.

ತಿಂಗಳೊಪ್ಪತ್ತಿನಲ್ಲಿ ಮಂಜು ಕರಗಿತು. ತಪಾಸಣೆಗೆ ಹೋದಾಗ ಯಲ್ಲಕ್ಕ ಎಷ್ಟೋ ದಿನದಿಂದ ಕೊರೆಯುತ್ತಿದ್ದ ಮಾತು ಕೇಳಿದಳು: "ಆ ಕಣ್ಣು ಕೊಟ್ಟ ಪುಣ್ಯಾತ್ಮರ ಅಸ್ತರ ನನಗ ಬಂತು. ಮ್ಯಾಲಿನ ಪದರು ಒಗದುಬಿಟ್ರೇನ್ರಿ?"

"ಇಲ್ರಿ. ಅದನ್ನ ಇನ್ನೊಬ್ರಿಗೆ ಹೊಲದೇವಿ."

 ಚೂರು ಬಟ್ಟೆಯನ್ನೂ ಬಿಸಾಡದ ಯಲ್ಲಕ್ಕನಿಗೆ ಆ ಆಸ್ಪತ್ರೆಯ ಮೇಲೆ ಮೊದಲ ಸಲ ಪೂರ್ತಿ ನಂಬಿಕೆ ಬಂದದ್ದು ಆಗ. ಹೊರಡುವಾಗ ನೇತ್ರದಾನದ ಅರ್ಜಿ ಎರಡು ಇಸಿದುಕೊಂಡು, ಒಂದನ್ನು ತಮ್ಮನ ಮುಂದೆ ಇಟ್ಟಳು. ಅವನು ರುಜು ಹಾಕಿದ. ಅವಳು ಕಣ್ಣು ಕಿರಿದು ಮಾಡಿ ನೋಡಿ, ಅರ್ಜಿಯನ್ನು ಅವನತ್ತ ತಳ್ಳಿದಳು.

"ಗೆರಿ ಬಿಟ್ಟು ಹೋಗೇತಲ್ಲೋ. ಇನ್ನೊಂದು ಇಸ್ಕೊಂಡ್ ಬಾ."