ದುಂಡು ಮುಖದ ಗುಳಿಗೆ

ಪಿತ್ತದ ಗಂದೆ ಎಲ್ಲರಿಗೂ ಏಳುತ್ತದೆ. ಕಂಬಳಿಯಿಂದ ತಿಕ್ಕಿದರೆ ಸಂಜೆಯೊಳಗೆ ಇಳಿಯುತ್ತದೆ. ನನ್ನ ಅಕ್ಕನದು ಎರಡು ವರ್ಷವಾದರೂ ಇಳಿಯಲಿಲ್ಲ. ಸೀರೆ ಬಿಗಿದ ಕಡೆ, ಬಳೆ ಒತ್ತಿದ ಕಡೆ ಕೆಂಪು ದದ್ದು. ಕೆಲವು ದಿನ ತುಟಿ, ರೆಪ್ಪೆ ಊದಿಕೊಂಡು ಗುರುತೇ ಸಿಗುತ್ತಿರಲಿಲ್ಲ. ಹುನಗುಂದದ ಅವಳ ಅತ್ತೆ ಇದು ಅಂಟುಜಾಡ್ಯವೇ ಎಂದು ತೀರ್ಮಾನಿಸಿ, ಚಿಕ್ಕ ಮೊಮ್ಮಗಳನ್ನು ತಮ್ಮಲ್ಲೇ ಇಟ್ಟುಕೊಂಡು, ಅಕ್ಕನನ್ನು ಇಳಕಲ್ಲಿನ ನಮ್ಮ ಮನೆಗೆ ಕಳಿಸಿಬಿಟ್ಟರು. ಮಗಳನ್ನು ನೋಡಲು ಹೋದರೆ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸುತ್ತಿದ್ದರು. ಎಪ್ಪತ್ತರ ದಶಕ ಆಗ ಮುಗಿಯುತ್ತ ಬಂದಿತ್ತು.

ಬಾಗಲಕೋಟೆಯ ಚರ್ಮದ ಡಾಕ್ಟರ ಹತ್ತಿರ ಅವಳನ್ನು ಕರೆದುಕೊಂಡು ಹೋಗುತ್ತಿದ್ದವಳು ತಂಗಿಯಾದ ನಾನು. ತುರಿಕೆಗೆಂದು ಕೊಟ್ಟ, ನಿದ್ದೆ ಬರಿಸುವ ಗುಳಿಗೆಗಳು ಯಾವುವೂ ನಾಟಲಿಲ್ಲ. ಕೊನೆಗೆ ಸ್ಟೆರಾಯ್ಡ್ ಕೊಟ್ಟರು. ವಾರದೊಳಗೆ ಮೈ ಹಸನಾಯಿತು. ಅಕ್ಕ ತನ್ನ ತೋಳನ್ನು ತಾನೇ ಸವರಿಕೊಂಡು ಅತ್ತಳು. ಮುಂದೆ ಹಸಿವು ಹೆಚ್ಚಿತು, ಕೆನ್ನೆ ತುಂಬಿತು. ಬಡಕಲು ಅಕ್ಕ ಕೆಂಪಗೆ ದುಂಡಗಾದಳು.

ಡಾಕ್ಟರಿಗೆ ಮಾತ್ರ ಆ ದುಂಡು ಮುಖ ಹಿಡಿಸಲಿಲ್ಲ.

"ನೋಡವಾ, ನಿನ್ನ ಮೈ ತನ್ನ ಕೂಡ ತಾನ ಜಗಳಾ ತಗದೈತಿ. ಈ ಗುಳಿಗಿ ಜಗಳಾ ಲಗೂನ ನಿಲ್ಲಸ್ತೈತಿ. ಆದ್ರ ಮುಖಾ ಉಬ್ಬಸ್ತೈತಿ, ಎಲುಬು ಪೊಳ್ಳ ಮಾಡ್ತೈತಿ, ಬ್ಯಾರೆ ಜಡ್ಡು ಬಂದ್ರ ತೋರಗೊಡಂಗಿಲ್ಲ. ಅಜಥಯೋಪ್ರಿನ್ ಅಂತ ಇನ್ನೊಂದೈತಿ, ಕಿಡ್ನಿ ಹಾಕಿಸ್ಕೊಂಡವ್ರಿಗೆ ಕೊಡೂದು. ಅದೂ ಸಾದಾ ಅಲ್ಲ. ಹೊಟ್ಟಿ ತೊಳಸ್ತೈತಿ, ಮ್ಯಾಲಿಂದ ಮ್ಯಾಲೆ ರಕ್ತ ತಪಾಸಣಿ ಮಾಡಿಸ್ಬೇಕು, ಗುಣಾ ಕಾಣಾಕ ತಿಂಗಳುಗಟ್ಲೆ ಬೇಕು. ಅದು ಹತ್ತಿತಂದ್ರ ಇದನ್ನ ಸಾವಕಾಶ ಬಿಡಸ್ಬಹುದು."

"ಗಂದಿ ಮತ್ತ ಏಳ್ತಾವೇನ್ರಿ?" ಎಂದಳು ಅಕ್ಕ.

"ನಡುವ ಏಳಬಹುದು."

ಹೊಸ ಗುಳಿಗೆ ತಂದ ವಾರದಲ್ಲೇ ಅವಳ ಅತ್ತೆ ಸೀರೆ ಕೊಳ್ಳಲು ಇಳಕಲ್ಲಿಗೆ ಬಂದವರು ನಮ್ಮ ಮನೆಗೂ ಬಂದರು. ಸೊಸೆಯ ಮುಖ ನೋಡಿ ದಂಗಾದರು. ದೃಷ್ಟಿ ತೆಗೆದು ಲಟಿಕೆ ಮುರಿದರು.

"ಅಯ್ಯ, ತವರಮನಿ ನೀರು ಭಾಳ ಹಿಡಿಸೈತಿ ನೋಡು. ಇನ್ನೆಲ್ಲಿ ಜಡ್ಡು? ನಡಿ, ನಿನ್ನ ಮಗಳು ಹಾದಿ ಕಾಯಾಕತ್ತಾಳ."

ಅಕ್ಕ ಚೀಲ ತುಂಬಿದಳು. ಹೊಸ ಗುಳಿಗೆಗಳನ್ನು ಗೋಡೆಯ ಗೂಡಿನಲ್ಲೇ ಬಿಟ್ಟಳು. ನಾನು ಜಗಳಕ್ಕೇ ನಿಂತೆ.

"ಡಾಕ್ಟರು ಏನಂದ್ರು, ಮರತಿ ಏನ?"

"ಮರತಿಲ್ಲ. ಗಂದಿ ಎದ್ದೂವಂದ್ರ ಮತ್ತ ಬಾಗಲದಾಗ ನಿಂದರಸ್ತಾರ. ಎಲುಬು ಒಳಗಿರ್ತಾವ, ಯಾರು ನೋಡ್ತಾರ?"

ಆ ಮಾತಿಗೆ ನನಗೆ ಸಿಟ್ಟಿತ್ತು, ಈಗಲೂ ಇದೆ.

ಹುನಗುಂದದ ಔಷಧಿ ಅಂಗಡಿಯಲ್ಲಿ ಖಾಲಿ ಪಟ್ಟಿ ತೋರಿಸಿದರೆ ಹಳೆಯ ಸ್ಟೆರಾಯ್ಡ್ ಗುಳಿಗೆ ಸಿಗುತ್ತಿತ್ತು. ಡಾಕ್ಟರ ಚೀಟಿ ಯಾರೂ ಕೇಳಲಿಲ್ಲ. ನಾನು ಹೋದಾಗಲೆಲ್ಲ ಮಗಳು ಅವಳ ತೊಡೆ ಮೇಲೆ ಕೂತು, ಕೆನ್ನೆಯನ್ನು ಬೆರಳಿನಿಂದ ಒತ್ತಿ ಒತ್ತಿ ನಗುತ್ತಿದ್ದಳು. ಅಕ್ಕನ ಬೆನ್ನು ಬಾಗುತ್ತಿತ್ತು, ತೋಳ ಮೇಲೆ ತಾಗಿದಲ್ಲೆಲ್ಲ ನೀಲಿ ಕಲೆ. ಆದರೂ ಅವಳು ಸುಖವಾಗಿದ್ದಳು. ಅದನ್ನು ನಾನು ಇಲ್ಲವೆನ್ನಲಾರೆ.

ಒಂದು ಚಳಿಗಾಲ ಅಕ್ಕನಿಗೆ ಕೆಮ್ಮು ಹತ್ತಿತು. ಮೈ ಮಾತ್ರ ಬಿಸಿಯಾಗಲಿಲ್ಲ. ಏಳಲು ಆಗುವುದಿಲ್ಲ ಎಂದರೆ, "ಮುಖಾ ನೋಡಿದ್ರ ಜಡ್ಡಿನವ್ರ ಗತೆ ಅದಾಳೇನು?" ಎಂದರಂತೆ ಅತ್ತೆ. ಬಾಗಲಕೋಟೆಗೆ ತರುವಷ್ಟರಲ್ಲಿ ಎದೆಯೊಳಗೆ ಕೀವು ತುಂಬಿತ್ತು. ಸುದ್ದಿ ಕೇಳಿ ಬಂದ ಆ ಚರ್ಮದ ಡಾಕ್ಟರು ಅವಳ ಕೈ ಹಿಡಿದು ನೋಡಿ, "ಈ ಮೈ ಜಗಳಾ ಆಡೂದ ಮರತೈತಿ" ಎಂದರು. ಅಕ್ಕ ಉಳಿಯಲಿಲ್ಲ.

ನಮ್ಮವರಲ್ಲಿ ತೀರಿಕೊಂಡವರನ್ನು ಗೋಡೆಗೆ ಒರಗಿಸಿ ಕೂಡಿಸುತ್ತಾರೆ, ಬಂದವರು ಮುಖ ನೋಡಲೆಂದು. ಹಣೆಗೆ ವಿಭೂತಿ ಹಚ್ಚಿ ಅಕ್ಕನನ್ನೂ ಹಾಗೆ ಕೂಡಿಸಿದ್ದರು. ಓಣಿಯ ಹೆಂಗಸೊಬ್ಬಳು, "ಎಂಥಾ ಕಳಿ ಐತಿ ನೋಡ್ರಿ ಮುಖದಾಗ" ಎಂದಳು. ಅವಳ ಕೆನ್ನೆಗೆ ಬಾರಿಸಬೇಕೆನಿಸಿತು.

ಹೆಣ ಎತ್ತುವ ಹೊತ್ತಿಗೆ ಮಗಳು ಬಂದು ತಾಯಿಯ ಕೆನ್ನೆಯನ್ನು ಎಂದಿನಂತೆ ಒತ್ತಿದಳು. ತೋಳಿನ ಮೇಲಿನ ಸೆರಗು ಸರಿಸಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಚಿಗವ್ವಾ, ಅವ್ವಗ ಗಂದಿ ಎದ್ದಿಲ್ಲಲ್ಲ. ಮತ್ತ ಯಾಕ ಕಳಸಾಕತ್ತಾರ?"