ಓರಗಿತ್ತಿ ತಂದ ಮಿಣಮಿಣ ರ‍್ಯಾಮ್

ಆ ಮನೆಯ ದೊಡ್ಡ ಸೊಸೆಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದರೆ ಕಡಿಮೆ ಹೇಳಿದಂತಾಯಿತು. ಇನ್ನೂ ಪಾಯ ತೋಡದ ಕಟ್ಟಡ ಮುಗಿದ ಮೇಲೆ ಹೇಗಿರುತ್ತದೆಂದು ಕಂಪ್ಯೂಟರಿನಲ್ಲಿ ಕಟ್ಟಿ ತೋರಿಸುವುದು ಅವಳ ಕಸುಬು. ಅದರಲ್ಲಿ ಎತ್ತಿದ ಕೈ. ಸಂಜೆ ಬಿಸಿಲು ಯಾವ ಕಿಟಕಿಯಿಂದ ಬಂದು ಯಾವ ಗೋಡೆಗೆ ಬೀಳುತ್ತದೆ ಎಂಬುದನ್ನೂ ಬಿಡದೆ ತೋರಿಸುತ್ತಿದ್ದಳು. ಆದರೆ ಗಿರಾಕಿಯ ಜೊತೆ ಎರಡು ಮಾತಾಡಿದರೆ ಮೂರನೆಯದು ಜಗಳ. ಹಾಗಾಗಿ ಗಿರಾಕಿಗಳನ್ನು ಮಾತಾಡಿಸುವ ಕೆಲಸ ಮೈದುನನ ಹೆಂಡತಿಯ ಪಾಲಿಗೆ ಬಂದಿತ್ತು.

ಈ ಓರಗಿತ್ತಿಗೂ ಅವಳಿಗೂ ಎಣ್ಣೆ ಸೀಗೆಕಾಯಿ. ಮನೆಯ ಮುಂದಿನ ಕೋಣೆಯೇ ಆಫೀಸು, ಅದರಲ್ಲಿ ಬೆನ್ನಿಗೆ ಬೆನ್ನು ಕೊಟ್ಟ ಎರಡು ಕುರ್ಚಿ. ಒಂದು ಹಿಂದೆ ಸರಿದರೆ ಇನ್ನೊಂದಕ್ಕೆ ತಾಗುತ್ತಿತ್ತು. ತಾಗಿದಾಗಲೆಲ್ಲ ಬೇಕೆಂದೇ ತಾಗಿಸಿದಳೆಂದು ಇಬ್ಬರೂ ಹಲ್ಲು ಕಡಿಯುತ್ತಿದ್ದರು. ನೇರ ಮಾತು ನಿಂತು ಎಷ್ಟೋ ಕಾಲವಾಗಿತ್ತು. ಬಾಡಿಗೆಗೆ ಕೊಟ್ಟಿದ್ದ ಮಹಡಿ ಕೋಣೆಯ ಮೇಲೆ ದೊಡ್ಡವಳ ಕಣ್ಣು.

"ರೀ, ನಂಗೆ ಮೇಲಿನ ಕೋಣೆ ಕೊಡ್ಸಿ. ಈ ಮೂದೇವಿ ಜೊತೆ ಒಂದೇ ಗಾಳಿ ಉಸಿರಾಡೋಕೆ ನನ್ನಿಂದಾಗಲ್ಲ."

ಅಷ್ಟರಲ್ಲಿ ಒಬ್ಬ ಬಿಲ್ಡರ್ ಬಂದ. ಮುಗಿಲೆತ್ತರದ ವಸತಿ ಕಟ್ಟಡ. ಮೊದಲು ಒಂದು ಮಾದರಿ ನೋಡುತ್ತೇನೆ, ಒಪ್ಪಿಗೆಯಾದರೆ ಪೂರ್ತಿ ಕೆಲಸ ನಿಮಗೇ ಎಂದ. ಗಂಡ ಮಾತು ಕೊಟ್ಟ: "ಈ ಕೆಲಸ ಕೈಗೆ ಬರಲಿ, ಬಾಡಿಗೆಯವರನ್ನ ಬಿಡಿಸ್ತೀನಿ. ಮಹಡಿ ನಿಂದು."

ಕಟ್ಟಡದ ಭಾರಕ್ಕೆ ಹಳೆಯ ಕಂಪ್ಯೂಟರ್ ಉಸ್ಸಪ್ಪಾ ಎಂದು ಕುಸಿಯಿತು. ಅದರ ನೆನಪಿನ ಶಕ್ತಿ ಹೆಚ್ಚಿಸಲು ಹೊಸ ರ‍್ಯಾಮ್ ಬೇಕು. ದೊಡ್ಡವಳು ಗೋಡೆ ನೋಡಿಕೊಂಡು, ಓರಗಿತ್ತಿಗೆ ಕೇಳುವಂತೆ, ಗಂಡನಿಗೆ ಹೇಳಿದಳು: "ದೊಡ್ಡ ಅಳತೇದು, ವೇಗದ್ದು, ಎರಡೇ ಎರಡು ಸಾಕು. ನಾಲ್ಕು ತುರುಕಿದ್ರೆ ವೇಗ ಇಳಿಯುತ್ತೆ. ಆ ಮಿಣಮಿಣ ದೀಪದ್ದು ಬೇಡವೇ ಬೇಡ. ಕಂಪ್ಯೂಟರ್ ಇರೋದು ಕೆಲಸ ಮಾಡೋಕೆ, ಬಣ್ಣ ಬಳ್ಕೊಂಡು ನಿಲ್ಲೋಕಲ್ಲ ಅಂತ ಹೇಳಿ ಅವಳಿಗೆ."

"ಭಾವ, ಕಂಪ್ಯೂಟರಿನ ಗಾಜಿನ ಪೆಟ್ಟಿಗೆ ಗಿರಾಕಿ ಕಣ್ಣಿಗೆ ಮೊದಲು ಬೀಳೋದು. ಮುಖ ಗಂಟು ಹಾಕ್ಕೊಂಡಿದ್ರೇನೇ ಕೆಲಸ ಆಗುತ್ತೆ ಅಂತ ಎಲ್ಲೂ ಬರೆದಿಲ್ಲ. ನೀವೂ ಹೇಳಿ."

ಗಂಡ ಅಡಕತ್ತರಿಗೆ ಸಿಕ್ಕ ಅಡಿಕೆಯಂತಾದ. ಪೆಟ್ಟಿಗೆ ಹೊತ್ತು ಅಂಗಡಿಗೆ ಓರಗಿತ್ತಿಯೇ ಹೋಗಬೇಕಾಯಿತು, ಏಕೆಂದರೆ ಊರಿನ ಒಬ್ಬ ಕಂಪ್ಯೂಟರ್ ಅಂಗಡಿಯವನನ್ನೂ ದೊಡ್ಡವಳು ಜಗಳವಾಡದೆ ಬಿಟ್ಟಿರಲಿಲ್ಲ. ಪೆಟ್ಟಿಗೆ ಮರಳಿ ಬಂದಾಗ ಗಾಜಿನ ಹಿಂದೆ ಸಾಲಾಗಿ ನಾಲ್ಕು ರ‍್ಯಾಮ್, ನಾಲ್ಕರ ನೆತ್ತಿಯ ಮೇಲೂ ದೀಪ. ಕೆಂಪು ಕರಗಿ ನೀಲಿ, ನೀಲಿ ಕರಗಿ ಹಸಿರು. ದೊಡ್ಡವಳ ಮೈಯೆಲ್ಲ ಉರಿಯಿತು. ಕಟ್ಟಡ ಈಗ ನೀರು ಕುಡಿದಷ್ಟು ಸಲೀಸಾಗಿ ತೆರೆದುಕೊಳ್ಳುತ್ತಿತ್ತು, ಅದನ್ನು ಕಂಡು ಇನ್ನಷ್ಟು ಉರಿಯಿತು.

ತಪ್ಪು ಹುಡುಕುವವರಿಗೆ ತಪ್ಪು ಸಿಗದೆ ಇರುತ್ತದೆಯೇ? ಒಂದು ಮಧ್ಯಾಹ್ನ ಓರಗಿತ್ತಿ ಹೊರಗೆ ಹೋಗಿದ್ದಾಗ, ಕಂಪ್ಯೂಟರ್ ಆರಿಸಿ, ಗಾಜು ತೆಗೆದು, ಒಂದು ರ‍್ಯಾಮ್ ಕಿತ್ತು ನೋಡಿದಳು. ಹಗುರ! ಒಳಗೆ ನೆನಪಿನ ಚಿಪ್‌ಗಳೇ ಇಲ್ಲ, ಬರೀ ದೀಪದ ಪಟ್ಟಿ. ಇನ್ನೊಂದೂ ಹಾಗೆಯೇ. ನಾಲ್ಕರಲ್ಲಿ ಎರಡು ಅಸಲಿ, ಎರಡು ಪೊಳ್ಳು. ಅವಳಿಗೆ ಸ್ವರ್ಗಕ್ಕೆ ಮೂರೇ ಗೇಣು. ಅಂಗಡಿಯವನು ಟೋಪಿ ಹಾಕಿದ್ದಾನೆ, ಈ ಜಾಣೆ ಹಾಕಿಸಿಕೊಂಡು ಬಂದಿದ್ದಾಳೆ! ಎಲ್ಲವನ್ನೂ ಇದ್ದ ಹಾಗೇ ಸಿಕ್ಕಿಸಿ, ತುಟಿ ಹೊಲಿದುಕೊಂಡು ಕಾದಳು.

ಬಿಲ್ಡರ್ ಬಂದ. ಪರದೆಯ ಮೇಲೆ ತನ್ನ ಕಟ್ಟಡದ ಬಾಗಿಲು ದಾಟಿ, ಮೆಟ್ಟಿಲು ಹತ್ತಿ, ಮೇಲಿನ ಬಾಲ್ಕನಿಯಲ್ಲಿ ನಿಂತಷ್ಟು ಖುಷಿಪಟ್ಟ. "ಭೇಷ್! ನಾನು ಅಂದ್ಕೊಂಡಿದ್ದಕ್ಕಿಂತ ಚೆನ್ನಾಗಿದೆ" ಎಂದ. ಆಮೇಲೆ ಕಣ್ಣು ಪೆಟ್ಟಿಗೆಯತ್ತ ಹೋಯಿತು. "ಮಷೀನೂ ಜೋರಾಗಿದೆ."

"ಹೌದು ಸರ್, ನಾಲ್ಕೂ ಜಾಗ ಭರ್ತಿ ಮಾಡಿಸಿದೀವಿ" ಎಂದಳು ಓರಗಿತ್ತಿ, ನಗುನಗುತ್ತಾ.

ಆ ನಗು ದೊಡ್ಡವಳಿಗೆ ಸಹಿಸಲಾಗಲಿಲ್ಲ. ಕೆಲಸ ಸಿಕ್ಕಿಯೇ ಬಿಟ್ಟಿತ್ತು, ಮಹಡಿ ಕೋಣೆ ಇನ್ನೇನು ಅವಳದೇ. ಸುಮ್ಮನಿದ್ದಿದ್ದರೆ ಸಾಕಿತ್ತು. ಸುಮ್ಮನಿರಲು ಅವಳಿಗೆ ಬರಬೇಕಲ್ಲ! ಚಕ್ಕನೆ ಸ್ವಿಚ್ ಆರಿಸಿದಳು. ಬಿಲ್ಡರನ ಕಣ್ಣೆದುರೇ ಅವನ ಕಟ್ಟಡ ಕತ್ತಲಾಯಿತು. ಗಾಜು ತೆಗೆದು ಪೊಳ್ಳೊಂದನ್ನು ಕಿತ್ತು ಅವನ ಮುಖದ ಮುಂದೆ ಹಿಡಿದಳು.

"ಭರ್ತಿಯಂತೆ ಭರ್ತಿ! ನೋಡಿ ಸರ್, ಇದರಲ್ಲಿ ಏನೂ ಇಲ್ಲ, ಬರೀ ದೀಪ. ಅಂಗಡಿಯವನು ಇವಳಿಗೆ ಟೋಪಿ ಹಾಕಿದ, ಇವಳು ನಿಮಗೆ ಹಾಕ್ತಿದಾಳೆ."

ಓರಗಿತ್ತಿಯ ಮುಖ ಕಪ್ಪಿಟ್ಟಿತು. ಎಷ್ಟೋ ಕಾಲದ ಮೇಲೆ ನೇರವಾಗಿ ಅವಳಿಗೇ ಹೇಳಿದಳು: "ಯಾರೂ ನಂಗೆ ಟೋಪಿ ಹಾಕಿಲ್ಲ. ಎರಡೇ ಸಾಕು ಅಂದೋರು ಯಾರು? ನೀವೇ. ನೀವು ಹೇಳಿದ ಅಳತೆ, ವೇಗದ್ದೇ ಎರಡು ತಂದೆ. ಉಳಿದ ಎರಡು ಜಾಗ ಹಲ್ಲುದುರಿದ ಬಾಯಿ ಥರ ಕಾಣಬಾರದು ಅಂತ ಗೊತ್ತಿದ್ದೇ ಈ ದೀಪ ಹಾಕಿಸಿದೆ. ಕೇಳಿದ್ರೆ ಹೇಳ್ತಿದ್ದೆ. ಆದ್ರೆ ನೀವು ಗೋಡೆ ಹತ್ರ ಕೇಳ್ತೀರಲ್ಲ, ನನ್ನ ಹತ್ರ ಎಲ್ಲಿ ಕೇಳ್ತೀರಿ?"

ಬಿಲ್ಡರ್ ಎದ್ದು, ಕಂಪ್ಯೂಟರಿಗೆ ಸಿಕ್ಕಿಸಿದ್ದ ತನ್ನ ನಕ್ಷೆಯ ಪೆನ್ ಡ್ರೈವ್ ಕಿತ್ತುಕೊಂಡು ದೊಡ್ಡವಳತ್ತ ತಿರುಗಿದ.

"ದೀಪದ ಕಥೆ ನಂಗೆ ಬೇಡಮ್ಮ. ಕೆಲಸ ಚೆನ್ನಾಗಿತ್ತು. ಆದ್ರೆ ಈ ನಕ್ಷೆ ಇನ್ನೂ ಗುಟ್ಟಾಗಿರಬೇಕು. ನಿಮ್ಮನೆಯವಳ ಮಾನಾನೇ ಗಿರಾಕಿ ಮುಂದೆ ಹರಾಜು ಹಾಕೋರು, ನನ್ನ ಗುಟ್ಟು ಎಷ್ಟು ದಿನ ಕಾಯ್ತೀರಿ?"

ತಡೆಯಲು ಓರಗಿತ್ತಿ ಬಾಗಿಲವರೆಗೂ ಓಡಿದಳು. ಅವನು ನಿಲ್ಲಲಿಲ್ಲ.

ಸಂಜೆ ಬಂದ ಗಂಡ ಎಲ್ಲ ಕೇಳಿ ದನಿ ಕೂಡ ಏರಿಸಲಿಲ್ಲ. "ತನ್ನೆರಡು ಕಣ್ಣು ಹೋದ್ರೂ ಸರಿ, ಎದುರಿನವಳದ್ದು ಒಂದು ಹೋಗ್ಲಿ ಅನ್ನೋ ಜಾತಿ ನೀನು. ಬಾಡಿಗೆಯವರು ಇರ್ಲಿ ಬಿಡು. ನೀನು ಇಲ್ಲೇ ಕೂತ್ಕೋ."

ದೊಡ್ಡವಳು ಪೊಳ್ಳು ರ‍್ಯಾಮನ್ನು ಅದರ ಜಾಗದಲ್ಲಿ ಸಿಕ್ಕಿಸಿ ಕಂಪ್ಯೂಟರ್ ಹಾಕಿದಳು. ನಾಲ್ಕೂ ದೀಪ ಹೊತ್ತಿಕೊಂಡವು. ಹಿಂದಿನ ಕುರ್ಚಿ ಧಡ್ಡನೆ ಬಂದು ಬೆನ್ನಿಗೆ ತಾಗಿತು. ಈ ಸಲ ಬೇಕೆಂದೇ ತಾಗಿಸಿದ್ದು, ಸಂಶಯವೇ ಇಲ್ಲ.

"ಅಕ್ಕಾ," ಎಂದಳು ಓರಗಿತ್ತಿ, "ದೀಪಕ್ಕೆ ಯಾವ ಬಣ್ಣ ಹಾಕ್ಲಿ? ದಿನಾ ನೋಡ್ಕೊಂಡು ಕೂರೋರು ನೀವೇ ಅಲ್ವಾ?"

ದೊಡ್ಡವಳು ಗೋಡೆಯತ್ತ ತಿರುಗಿದಳು. ಗೋಡೆಯ ಮೇಲೂ ಕೆಂಪು ಕರಗಿ ನೀಲಿಯಾಗುತ್ತಿತ್ತು.