ಎಡಗೈ ಗಿಟಾರು

ಗಿರವಿ ಅಂಗಡಿಗೆ ಶನಿವಾರ ಹೋಗಬೇಡಿ. ಶನಿವಾರ ಎಲ್ಲರೂ ಬರುತ್ತಾರೆ, ಅಂಗಡಿಯವರಿಗೆ ನಿಮ್ಮ ಗರಜು ಇರುವುದಿಲ್ಲ. ಮಂಗಳವಾರವೋ ಬುಧವಾರವೋ ಬೆಳಿಗ್ಗೆ, ಬಾಗಿಲು ತೆರೆದ ಅರ್ಧ ಗಂಟೆಯೊಳಗೆ ಹೋಗಿ. ಗಿಟಾರನ್ನು ಗೋಡೆಯಿಂದ ಇಳಿಸಿಕೊಡಲು ಹೇಳಿ, ಆದರೆ ಕೂಡಲೇ ವಯರು ಚುಚ್ಚಲು ಬಿಡಬೇಡಿ. ಎಲೆಕ್ಟ್ರಿಕ್ ಗಿಟಾರನ್ನು ಮೊದಲು ಕರೆಂಟಿಲ್ಲದೆ ಕೇಳಬೇಕು. ಒಂದು ತಂತಿ ಮೀಟಿ, ಮರಕ್ಕೆ ಕಿವಿ ಹಚ್ಚಿ. ನಮ್ಮವ್ವ ಧಾರವಾಡದ ಸಂತೆಯಲ್ಲಿ ಗಡಿಗೆಯನ್ನು ಬೆರಳ ಗೆಣ್ಣಿನಿಂದ ಬಡಿದು ನೋಡುತ್ತಿದ್ದಳು, ಅದೇ ಲೆಕ್ಕ. ಸದ್ದು ಗುಂಯ್ ಎಂದು ಒಳಗೆ ಸುತ್ತಾಡಿದರೆ ಒಳ್ಳೆಯ ಮಾಲು. ಟಪ್ ಎಂದು ಸತ್ತರೆ ಎಷ್ಟು ಅಗ್ಗವಿದ್ದರೂ ಬಿಟ್ಟು ಬನ್ನಿ.

ಆಮೇಲೆ ಒಂದು ಕಣ್ಣು ಮುಚ್ಚಿ ಅದರ ಕುತ್ತಿಗೆಯುದ್ದಕ್ಕೂ ನೋಡಿ, ಬಾಗಿದೆಯೇ ಎಂದು. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ ನನ್ನದು ಪರದೆ ಹೊಲಿಯುವ ಅಂಗಡಿ. ಪಕ್ಕದ ಸೊಲಿಹಲ್ಲಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಒಂದು ಹಳೆಯ ಮಷೀನಿನಿಂದ ಶುರು ಮಾಡಿದವಳು ನಾನು. ಪರದೆಯ ಕಂಬಿ ಕೂದಲೆಳೆಯಷ್ಟು ಬಾಗಿದ್ದರೂ ನನ್ನ ಕಣ್ಣಿಗೆ ಬೀಳುತ್ತದೆ. ಸಂಗೀತದ ಗಂಧ ಮಾತ್ರ ನನಗಿಲ್ಲ.

ಗಿಟಾರು ಕೇಳಿದವಳು ಮಗಳು. ಅವಳ ಹದಿನಾರನೆಯ ಹುಟ್ಟುಹಬ್ಬಕ್ಕೆ, ಅವಳಿಗೆ ತಿಳಿಯದ ಹಾಗೆ, ನಾನು ಒಂದು ಕೆಂಪು ಗಿಟಾರನ್ನು ಗಿರವಿ ಅಂಗಡಿಯಲ್ಲಿ ಹಿಡಿದೆ. ಮುಕ್ಕಾಲು ಗಂಟೆ ಚೌಕಾಸಿ ಮಾಡಿದೆ. ನಮ್ಮ ಯಜಮಾನರು ಡರ್ಬಿಯಲ್ಲಿ ಎಂಜಿನಿಯರು. ವಿಮಾನದ ಎಂಜಿನ್ನಿಗೆ ಹೆದರದ ಮನುಷ್ಯ, "ಸ್ವಲ್ಪ ಕಡಿಮೆ ಮಾಡಿ" ಎನ್ನಲು ಹೆದರುತ್ತಾರೆ. ನಾನು ಒಳಗೆ ಜಗ್ಗಾಡುತ್ತಿದ್ದಷ್ಟು ಹೊತ್ತೂ ಅವರು ಹೊರಗೆ ನಿಂತು, ನಾವು ಎಂದೂ ಹತ್ತದ ಬಸ್ಸಿನ ವೇಳಾಪಟ್ಟಿ ಓದುತ್ತಿದ್ದರು.

ಮಗಳು ಕಾಗದ ಬಿಚ್ಚಿದಳು, ಮುಖ ಅರಳಿತು. ಗಿಟಾರನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು, ಉಲ್ಟಾ. ಕುತ್ತಿಗೆ ಎಡಕ್ಕೆ ಚಾಚುವ ಬದಲು ಬಲಕ್ಕೆ ಚಾಚಿತ್ತು. ಮೇಲಿರಬೇಕಾದ ದಪ್ಪ ತಂತಿ ಕೆಳಗೆ ಬಂದಿತ್ತು, ಕೆಳಗಿರಬೇಕಾದ, ಸದ್ದು ಏರಿಸಿ ಇಳಿಸುವ ಗುಂಡಿಗಳು ಅವಳ ಮೊಳಕೈಗೆ ಒತ್ತುತ್ತಿದ್ದವು.

"ಅವ್ವಾ, ಇಟ್ಸ್ ರೈಟ್-ಹ್ಯಾಂಡೆಡ್."

"ಮತ್ತ? ನೀನೂ ರೈಟ್-ಹ್ಯಾಂಡೇ ಅಲ್ಲೇನವಾ?"

ಅವಳು ಅಪ್ಪನ ಮುಖ ನೋಡಿದಳು. ಅಪ್ಪ ಹರಿದ ಬಣ್ಣದ ಕಾಗದವನ್ನು ಬಹಳ ಶ್ರದ್ಧೆಯಿಂದ ಮಡಚತೊಡಗಿದರು.

ಅವಳನ್ನು ಬಲಗೈಯವಳನ್ನಾಗಿ ಮಾಡಿದವಳು ನಾನೇ. ಮೂರು ವರ್ಷದ ಕೂಸಿದ್ದಾಗ ಅವಳ ಎಡಗೈ ಎಲ್ಲದಕ್ಕೂ ಮುಂದೆ ಬರುತ್ತಿತ್ತು. ನಮ್ಮ ಕಡೆಯವರ ಮನೆಗಳಲ್ಲಿ ಪೂಜೆ, ಊಟ ಇದ್ದಾಗ ಆ ಪುಟ್ಟ ಕೈಯನ್ನು ನನ್ನ ತೊಡೆಯ ಕೆಳಗೆ ಇಟ್ಟುಕೊಂಡು ಕೂಡುತ್ತಿದ್ದೆ. "ಬಲಗೈಲೆ ತಗೋ. ಮಂದಿ ಏನಂದಾರು?" ಎನ್ನುತ್ತಿದ್ದೆ. ಪೆನ್ಸಿಲನ್ನು ಎಡದಿಂದ ಬಲಕ್ಕೆ ಎಷ್ಟು ಸಲ ಬದಲಿಸಿದೆನೋ. ಕೊನೆಗೆ ಅವಳು ಬಲಗೈಯಲ್ಲಿ ಬರೆದಳು, ಬಲಗೈಯಲ್ಲಿ ಉಂಡಳು. ಕೆಲಸ ಮುಗಿಯಿತು ಅಂದುಕೊಂಡೆ. ಚೆಂಡನ್ನು ಯಾವ ಕೈಯಲ್ಲಿ ಎಸೆಯುತ್ತಾಳೆ ಎಂದು ನೋಡಲಿಲ್ಲ. ಶಾಲೆಯ ಸಂಗೀತದ ಕೋಣೆಯಲ್ಲಿ ಒಂದೇ ಒಂದು ಎಡಗೈ ಗಿಟಾರಿತ್ತಂತೆ, ಎರಡು ವರ್ಷ ಅದರ ಮೇಲೆಯೇ ಕಲಿತಿದ್ದಳಂತೆ. ಸಾಮಾನಿನ ಬಗ್ಗೆ ನೂರು ಪ್ರಶ್ನೆ ಕೇಳುವ ನಾನು ಇದೊಂದನ್ನು ಕೇಳಿರಲಿಲ್ಲ.

ನನ್ನ ಮನಸ್ಸು ನೋಯಬಾರದೆಂದು ಎರಡು ವಾರ ಅವಳು ಆ ಕೆಂಪು ಗಿಟಾರನ್ನು ಬಲಗೈಯಲ್ಲಿ ನುಡಿಸಲು ನೋಡಿದಳು. ಮಹಡಿಯಿಂದ ಬರುತ್ತಿದ್ದ ಸದ್ದು ಕುಂಟುತ್ತಿತ್ತು. ನನಗೇ ಕೇಳಿಸುತ್ತಿತ್ತೆಂದರೆ ನೋಡಿ. ಆಮೇಲೆ ಗಿಟಾರು ಬಾಗಿಲ ಹಿಂದಕ್ಕೆ ಸರಿಯಿತು. ಶಾಲೆಯ ಗಿಟಾರನ್ನೂ ಅವಳು ಬಿಟ್ಟಳು. ಇನ್ನೆರಡು ವರ್ಷಕ್ಕೆ ಓದಲು ಮನೆ ಬಿಟ್ಟು ಹೋಗುವ ಹುಡುಗಿ. ಒಂದು ಸಲ ಅವಳ ಕೈ ಹಿಡಿದು ನಿಲ್ಲಿಸಿದ್ದೆ, ಈಗ ಇನ್ನೊಂದು ಸಲ ನಿಲ್ಲಿಸಿದಂತಾಯಿತು. ಅವಳು ಹೋಗುವುದರೊಳಗೆ ಇದನ್ನು ಸರಿಮಾಡದಿದ್ದರೆ ನನ್ನ ಜಾಣತನವೆಲ್ಲ ಯಾತಕ್ಕೆ ಬಂತು?

ಒಂದು ಬೆಳಿಗ್ಗೆ ನಾನು ಲಿಂಗಪೂಜೆಗೆ ಕೂತಿದ್ದೆ. ಮಗಳು ಹಾಲು-ಸೀರಿಯಲ್ ತಿಂಡಿಯ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ವಿಚ್ ಹ್ಯಾಂಡ್ ಈಸ್ ದಟ್, ಅವ್ವಾ?"

ಕುಚೋದ್ಯವಿರಲಿಲ್ಲ, ನಿಜವಾಗಿಯೇ ಕೇಳಿದ್ದಳು. ಪೂಜೆಯ ನಡುವೆ ಮಾತಾಡುವ ಹಾಗಿಲ್ಲ. ನಾನು ಕೈ ನೋಡಿಕೊಂಡೆ. ಲಿಂಗ ಎಡ ಅಂಗೈಯಲ್ಲಿತ್ತು. ಎಲ್ಲರದ್ದೂ ಅಲ್ಲೇ ಇರುತ್ತದೆ. ನಮ್ಮವ್ವನದೂ ಅಲ್ಲೇ ಇತ್ತು. ಬಲಗೈ ನೀರು, ವಿಭೂತಿ, ಹೂವು ಹಿಡಿದು ಸೇವೆ ಮಾಡುತ್ತದೆ. ದೇವರು ಕೂಡುವುದು ಎಡಗೈ ಮೇಲೆ. ಅಷ್ಟು ವರ್ಷ ದಿನಾ ಕೂಡಿಸಿಕೊಂಡರೂ ನನಗೆ ಇದು ಹೊಳೆದಿರಲಿಲ್ಲ.

ಸಂಜೆ ಅವಳ ಕೋಣೆಯ ಹತ್ತಿರ ಹೋಗಿ, "ಮುಂಜಾನಿ ಕೇಳಿದ್ದೆಲ್ಲ? ಎಡಗೈ," ಎಂದೆ.

"ಯಾ, ಐ ಸಾ," ಎಂದಳು. ಬಾಗಿಲನ್ನು ಮಾತ್ರ ಹಾಕಿಕೊಳ್ಳಲಿಲ್ಲ.

ಅಂದಿನಿಂದ ಹುಡುಕಾಟ ಶುರುವಾಯಿತು. ಬರ್ಮಿಂಗ್‌ಹ್ಯಾಮ್ ಮುಗಿಸಿ ಡರ್ಬಿ, ಒಮ್ಮೆ ಪರದೆ ಬಟ್ಟೆ ತರಲು ಹೋದಾಗ ಮ್ಯಾಂಚೆಸ್ಟರ್. ಎಡಗೈ ಗಿಟಾರು ಗಿರವಿ ಅಂಗಡಿಗೆ ಬರುವುದೇ ಅಪರೂಪ. ಬಂದರೆ ಕೇಳುವವರಿಲ್ಲದೆ ತಿಂಗಳುಗಟ್ಟಲೆ ತೂಗಾಡುತ್ತದೆ. ಆದ್ದರಿಂದ ಅದರ ಮೇಲೆ ಎಷ್ಟು ಧೂಳಿದೆ ಎಂದು ನೋಡಿಕೊಳ್ಳಿ, ಧೂಳಿದ್ದಷ್ಟೂ ನಿಮ್ಮ ಮಾತಿಗೆ ಬಲ. ಮತ್ತೆ, ಬಲಗೈಯದಕ್ಕೇ ತಂತಿ ಅದಲು ಬದಲು ಮಾಡಿ ಎಡಗೈಯದೆಂದು ತೋರಿಸುವವರಿದ್ದಾರೆ. ಗುಂಡಿಗಳು ಮೇಲಿದ್ದರೆ ಅದು ವೇಷ.

ಒಂದು ವರ್ಷ ಹೀಗೇ ಹೋಯಿತು. ಮಗಳು ಓದಬೇಕೆಂದಿದ್ದ ವಿಶ್ವವಿದ್ಯಾಲಯ ನೋಡಲು ಮೂವರೂ ಲೀಡ್ಸಿಗೆ ಹೋದೆವು. ಕಾರನ್ನು ಊರ ನಡುವೆ ಬಿಟ್ಟು, ಹುಡುಗರೆಲ್ಲ ಬಾಡಿಗೆಗಿರುವ ಹೆಡಿಂಗ್ಲೀಯ ಸಾಲುಮನೆಗಳನ್ನು ನೋಡಿಕೊಂಡು ಬಸ್ಸಿನಲ್ಲಿ ವಾಪಸಾಗುತ್ತಿದ್ದೆವು. ಮೇಲಂತಸ್ತಿನ ಕಿಟಕಿಯಿಂದ ಒಂದು ಗಿರವಿ ಅಂಗಡಿ ಕಂಡಿತು. ಗಾಜಿನ ಹಿಂದೆ ನಾಲ್ಕು ಗಿಟಾರುಗಳಿದ್ದವು, ಮೂರರ ಮೈಯಿಂದ ಚಾಚಿದ ಕೊಂಬು ಒಂದು ಕಡೆಗೆ, ನಾಲ್ಕನೆಯದರದು ಇನ್ನೊಂದು ಕಡೆಗೆ. ನಾನು ಗಂಟೆ ಒತ್ತಿದೆ.

"ಇದು ನಮ್ಮ ಸ್ಟಾಪ್ ಅಲ್ಲ," ಎಂದರು ಯಜಮಾನರು.

"ಈಗ ಆತು, ಇಳೀರಿ."

ಅಂದು ಶನಿವಾರ, ಮಧ್ಯಾಹ್ನ ಮೂರು ಗಂಟೆ. ನನ್ನ ನಿಯಮದಲ್ಲಿ ಅದಕ್ಕಿಂತ ಕೆಟ್ಟ ಗಳಿಗೆ ಇಲ್ಲ. ಅಂಗಡಿಯಲ್ಲಿದ್ದವರು ಬಿಳಿಕೂದಲಿನ ಹೆಂಗಸು, ಎಲ್ಲರನ್ನೂ 'ಲವ್' ಎಂದು ಕರೆಯುವವರು. ಗಿಟಾರನ್ನು ಇಳಿಸಿಕೊಟ್ಟರು. ತಿಳಿನೀಲಿ ಬಣ್ಣ, ಗುಂಡಿಗಳು ಕೆಳಗೇ ಇದ್ದವು. ಕುತ್ತಿಗೆ ನೆಟ್ಟಗಿತ್ತು. ತಂತಿ ಮೀಟಿ ಕಿವಿ ಹಚ್ಚಿದೆ. ಗುಂಯ್ ಎಂದಿತು.

ಇಲ್ಲೊಂದು ದೊಡ್ಡ ನಿಯಮವಿದೆ: ಬೆಲೆ ಕುದುರುವ ತನಕ ನುಡಿಸುವವರ ಕೈಗೆ ಸಾಮಾನು ಕೊಡಬಾರದು, ಮಾರುವವರು ಮುಖ ಓದಿಬಿಡುತ್ತಾರೆ. ನಾನು ಅದನ್ನು ನೇರವಾಗಿ ಮಗಳ ಕೈಗೆ ಕೊಟ್ಟೆ.

ಒಂದು ವರ್ಷ ಮುಟ್ಟದ ಕೈ. ಮೊದಲು ತಡವರಿಸಿತು, ಆಮೇಲೆ ಎಡಗೈ ತಾನಾಗಿ ಓಡಿತು. ಆ ಕೈ ಓಡುವುದನ್ನು ನಾನು ಅಲ್ಲಿಯವರೆಗೆ ನೋಡೇ ಇರಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡೆ.

"ಅವಳಿಗೆ ಅಂತಲೇ ಮಾಡಿದಂಗಿದೆ, ಲವ್," ಎಂದರು ಆಕೆ. "ಬೆಲೆ ಚೀಟಿಯಲ್ಲಿದೆ."

ಬರೆದಷ್ಟೂ ಕೊಡಲು ನಾನು ಪರ್ಸು ತೆಗೆದೆ. ಅಷ್ಟರಲ್ಲಿ ಮಗಳು ಗಿಟಾರನ್ನು ಕೌಂಟರಿನ ಮೇಲೆ ಮಲಗಿಸಿ, ಮುಖ ಗಂಟಿಕ್ಕಿ, "ಅವ್ವಾ, ಭಾಳ ಆತು. ನಡಿ ಹೋಗೂಣು," ಎಂದಳು.

ಕನ್ನಡದಲ್ಲಿ. ತಿಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ, ನಾನು ಪ್ರತಿ ಅಂಗಡಿಯ ಬಾಗಿಲಲ್ಲೂ ಆಡುವ ಮಾತನ್ನು ನನ್ನ ರಾಗದಲ್ಲೇ ಆಡಿದ್ದಳು. ತಳ್ಳುಗಾಡಿಯಲ್ಲಿ ಕೂತಿದ್ದಾಗಿನಿಂದ ಕೇಳಿದ್ದಳಲ್ಲ.

"ಯಾಕ, ಚಲೋ ಐತೆಲ್ಲ?" ಎಂದರು ಯಜಮಾನರು.

"ಅಪ್ಪಾ, ಸುಮ್ನಿರ್ರಿ."

ಮೂವರೂ ಬಾಗಿಲ ತನಕ ನಡೆದೆವು. ಹಿಂದಿನಿಂದ ನಿಟ್ಟುಸಿರು ಕೇಳಿತು. "ನೀವು ಏನಂದ್ರೋ ತಿಳೀಲಿಲ್ಲ, ಆದ್ರೂ ತಿಳೀತು," ಎಂದರು ಆಕೆ. "ಚಳಿಗಾಲದಿಂದ ಇದು ಇಲ್ಲೇ ನೇತಾಡ್ತಿದೆ. ಇಪ್ಪತ್ತು ಪೌಂಡ್ ಬಿಡ್ತೀನಿ. ಪೆಟ್ಟಿಗೇನೂ ತಗೊಂಡು ಹೋಗಿ."

ಕೆಂಪು ಗಿಟಾರು ಈಗ ನನ್ನ ಅಂಗಡಿಯ ಗೋಡೆಯ ಮೇಲಿದೆ. ನುಡಿಸುತ್ತೀರಾ ಎಂದು ಗಿರಾಕಿಗಳು ಕೇಳುತ್ತಾರೆ. ಇಲ್ಲ, ಅದು ನೆನಪಿಗೆ ಎನ್ನುತ್ತೇನೆ.

ಅಂದು ಲೀಡ್ಸಿನಿಂದ ಮನೆಗೆ ಬರುವಾಗ ಮಗಳು ಹಿಂದಿನ ಸೀಟಿನಲ್ಲಿ ಗಿಟಾರು ಹಿಡಿದು ಕೂತಳು. ಕರೆಂಟಿಲ್ಲದ ಸಣ್ಣ ಸದ್ದು ಕಾರಿನ ತುಂಬ ಆಡುತ್ತಿತ್ತು. ಕಾರು ನಡೆಸುತ್ತಿದ್ದ ಯಜಮಾನರ ಪಕ್ಕ ಕೂತಿದ್ದ ನಾನು ಮುಂದಿನ ರಸ್ತೆ ನೋಡುತ್ತಲೇ, "ನಿನ್ನ ಕೈ ನಾ ಹಂಗ ಒತ್ತಿ ಹಿಡೀಬಾರದಾಗಿತ್ತು, ನನ್ನವ್ವಾ," ಎಂದೆ. ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಸ್ವಲ್ಪ ಹೊತ್ತಿಗೆ ಬುತ್ತಿ ಬಿಚ್ಚಿ, ಶೇಂಗಾ ಚಟ್ನಿ ಹಚ್ಚಿದ ಚಪಾತಿ ಸುತ್ತಿ ಹಿಂದಕ್ಕೆ ಚಾಚಿದೆ. ಬಂದದ್ದು ಎಡಗೈ. ಹಳೆಯ ಮಾತು ನನ್ನ ನಾಲಿಗೆಯ ತುದಿಯ ತನಕ ಬಂದಿತ್ತು.

"ಬಲಗೈಗೆ ಕೆಲಸ ಐತಿ, ಅವ್ವಾ," ಎಂದಳು ಅವಳು, ಗಿಟಾರಿನ ಕುತ್ತಿಗೆ ಹಿಡಿದ ಬಲಗೈ ತೋರಿಸಿ.

"ಇರ್ಲಿ, ತಗೋ," ಎಂದೆ.